ಸೊಂಟದ ದಾರ, ಎರಡು ರೈಲು

ಬೆರ್ರಿಯೆಸಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಎರಡೂ ಬದಿಗೆ ರೈಲುಗಳು ಬಾಗಿಲು ತೆರೆದು ನಿಂತಿದ್ದವು. ವಿಮಾನಕ್ಕೆ ಹೊತ್ತಾಗುತ್ತಿತ್ತು. ನಾನು ಯಾವುದನ್ನು ಹತ್ತಬೇಕೆಂಬುದು ಗೊತ್ತಿದ್ದದ್ದು ರೋಶನ್ ಆಂಟಿಗೆ. ಬೆಂಗಳೂರಿನಲ್ಲಿ ಬೆಳೆದ ಪಾರ್ಸಿ ಹೆಂಗಸು, ನನ್ನನ್ನು ಕಳಿಸಿಕೊಡಲು ಬಂದಿದ್ದರು.

ರೆಸ್ಟ್‌ರೂಮಿನಿಂದ ಬಂದವರೇ, "ಇದು ಕೊನೇ ಸ್ಟಾಪು, ಹೊರಡಕ್ಕೆ ಟೈಮಿದೆ. ಕಸ್ತಿ ಕಟ್ಕೋತೀನಿ ಇರಿ. ಮಧ್ಯ ಮಾತಾಡೋ ಹಾಗಿಲ್ಲ," ಎಂದರು.

ಸೂರ್ಯನಿಗೆ ಮುಖ ಮಾಡಿ, ಅಂಗಿಯೊಳಗಿನ ಬಿಳಿ ಒಳಂಗಿ ಸುದ್ರೆಯ ಮೇಲೆ ಸೊಂಟಕ್ಕೆ ಸುತ್ತಿದ್ದ ಕಸ್ತಿ ಎಂಬ ಉಣ್ಣೆಯ ದಾರ ಬಿಚ್ಚಿದರು. ನಮ್ಮ ಉಡಿದಾರ ಒಮ್ಮೆ ಕಟ್ಟಿದರೆ ಮುಗಿಯಿತು. ಇದನ್ನು ಶೌಚಕ್ಕೆ ಹೋಗಿಬಂದ ಪ್ರತಿ ಸಲವೂ ಪ್ರಾರ್ಥನೆ ಹೇಳುತ್ತಾ ಬಿಚ್ಚಿ ಕಟ್ಟಬೇಕು.

"ಆಂಟಿ, ಈ ಕಡೆದಾ?" ಎಂದೆ. ಅವರ ತುಟಿಗಳು ಪ್ರಾರ್ಥನೆಯಲ್ಲಿದ್ದವು, ಎರಡೂ ಕೈ ದಾರದಲ್ಲಿದ್ದವು. ನಿಂತಲ್ಲಿ ನಿಲ್ಲಲಾಗಲಿಲ್ಲ ನನಗೆ. ಬೋರ್ಡು ಹುಡುಕುವಷ್ಟೂ ತಾಳ್ಮೆ ಇರಲಿಲ್ಲ. ಬಾಗಿಲು ಮುಚ್ಚುವ ಸೂಚನೆಯ ಸದ್ದಾಯಿತು. ಸೂಟ್‌ಕೇಸು ಎಳೆದುಕೊಂಡು ಹತ್ತಿರದ ರೈಲಿಗೆ ನುಗ್ಗಿದೆ.

ಗಾಜಿನಾಚೆ ಆಂಟಿ ಅವಸರವಿಲ್ಲದೆ ಬೆನ್ನ ಹಿಂದಿನ ಗಂಟು ಬಿಗಿದರು. ಅಂಗಿ ಸರಿಮಾಡಿಕೊಂಡು ನನ್ನತ್ತ ತಿರುಗಿದರು. ಈಗ ಅವರು ಮಾತಾಡತೊಡಗಿದರು. ನನಗೇನೂ ಕೇಳಿಸಲಿಲ್ಲ. ರೈಲು ಹೊರಟಿತ್ತು, ಅವರ ಕೈ ಎದುರಿನ ರೈಲನ್ನು ತೋರಿಸುತ್ತಿತ್ತು.