ಅವ್ವನ ಉಡಿಯಲ್ಲಿದ್ದ ಫ್ಯೂಸು

ಇವತ್ತು ಮೋಟಾರ್ ರಿಪೇರಿಗೆಂದು ಹೋಗಿ ಪಂಪ್‌ಹೌಸಿನ ಬಾಗಿಲು ತೆರೆದಾಗ, ಮೋಟಾರಿನ ಸುರುಳಿಯ ಸುಟ್ಟ ವಾರ್ನಿಷ್ ವಾಸನೆ ಬಂತು. ತಟ್ಟನೆ ಅವ್ವ ನೆನಪಾದಳು.

ಕಾಲುವೆ ನೀರು ಬಂದ ಮೇಲೆ ಶಹಾಪುರದ ಸುತ್ತ ಹೊಲಹೊಲಕ್ಕೂ ಮೋಟಾರ್ ಬಂದವು. ಅವು ಕೆಟ್ಟರೆ ರಿಪೇರಿಗೆ ಹೋಗುತ್ತಿದ್ದವಳು ನಮ್ಮವ್ವ. ಮೊದಲು ಸ್ಟಾರ್ಟರಿಗೆ ಕರೆಂಟ್ ಕೊಡುವ ಮೂರೂ ಫ್ಯೂಸು ಕಿತ್ತು ಸೀರೆಯ ಉಡಿಯಲ್ಲಿ ಕಟ್ಟಿಕೊಳ್ಳುವಳು. ಆಮೇಲೆಯೇ ಮೋಟಾರಿನ ವೈರು ಬಿಚ್ಚಿ, ಹಳದಿ ಮೀಟರಿನಿಂದ ಓಮ್, ಅಂದರೆ ತಂತಿ ಕರೆಂಟನ್ನು ಎಷ್ಟು ತಡೆಯುತ್ತದೆಂದು, ಅಳೆಯುವಳು.

ಒಮ್ಮೆ ಒಬ್ಬ ರೈತ, "ಯಕ್ಕಾ, ಮೋಟಾರ್ ಸುಟ್ಟೈತಿ, ನೀರಿನ ಪಾಳಿ ಮುಗೀತೈತಿ" ಎಂದು ಓಡಿಬಂದ. ಹೊಲದಲ್ಲಿ ಅವ್ವ ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿ, ಅವುಗಳ ವೈರಿನದೇ ಓಮ್ ಎಷ್ಟೆಂದು ನೋಡಿಕೊಂಡಳು, ಆಮೇಲೆ ಮೋಟಾರಿನ ಅಳತೆಯಿಂದ ಅಷ್ಟನ್ನು ಕಳೆಯಲು. ಮೋಟಾರಿಗೆ ಕಡ್ಡಿ ಹಚ್ಚಿದ್ದಳಷ್ಟೆ, ರೈತನ ತಮ್ಮ ಅವಸರದಲ್ಲಿ ಸ್ಟಾರ್ಟರ್ ಒತ್ತಿಬಿಟ್ಟ. ಅವ್ವನ ಸಂಗಡ ಹೋಗಿದ್ದ ನಾನು ಚೀರಿದೆ. ಏನೂ ಆಗಲಿಲ್ಲ.

"ಒತ್ತಪಾ ಒತ್ತು, ಕರೆಂಟ್ ನನ್ನ ಉಡ್ಯಾಗ ಐತಿ" ಎಂದಳು ಅವ್ವ, ತಲೆಯೆತ್ತದೆ. ಮೋಟಾರಿನೊಳಗಿನ ಮೂರೂ ತಂತಿಸುರುಳಿ ಸಮ ಓಮ್ ತೋರಿಸಿದವು. ಕೇಬಲ್ಲನ್ನೂ ಅಳೆದಳು. "ಮೋಟಾರ್ ಚಲೋ ಐತಿ. ಹರದಿದ್ದು ಕೇಬಲ್."

ಮೀಟರಿನ ಚೀಲ ನಾನೇ ಹೊತ್ತು, ಎಲ್ಲರೂ ನೋಡಲೆಂದು ಬಜಾರಿನ ನಡುವೆಯೇ ಮನೆಗೆ ಬಂದೆ.

"ಮೇಡಂ, ಫ್ಯೂಜ್ ಎಲ್ಲಿಟ್ಟೀರಿ?" ಇವತ್ತು ಪಂಪ್‌ಹೌಸಿನ ಆಪರೇಟರ್ ಹುಡುಕಾಡುತ್ತಿದ್ದ.

"ನಮ್ಮವ್ವನ ಉಡ್ಯಾಗ ಅದಾವ ಬಿಡ್ರಿ" ಎಂದೆ, ಕಿಸೆ ತಟ್ಟಿಕೊಂಡು.