ಬೇವು ಕಟ್ಟಿದ ಬಾಗಿಲು

ಬೋರ್ಡು ಒರೆಸಿದ ಕೈಯಿಂದಲೇ ಮುಖ ಒರೆಸಿಕೊಳ್ಳುತ್ತಿದ್ದರು ನಮ್ಮ ಜೀವಶಾಸ್ತ್ರದ ಸರ್. ಬಾಲ್ಯದ ಸಿಡುಬು ಉಳಿಸಿಹೋದ ಗುಳಿಗಳಲ್ಲಿ ಸೀಮೆಸುಣ್ಣ ಕೂತು, ಪಾಠ ಮುಗಿಯುವ ಹೊತ್ತಿಗೆ ಕಪ್ಪು ಮುಖದ ತುಂಬ ಬಿಳಿ ಚುಕ್ಕೆಗಳು. ತೊಂಬತ್ತರ ದಶಕ, ಚಿಗಟೇರಿಯಿಂದ ಬೆಳಗಿನ ಬಸ್ಸಿಗೆ ಹರಪನಹಳ್ಳಿಗೆ ಬರುತ್ತಿದ್ದರು.

"ವೈರಸ್ ಹೊಕ್ಕ ಜೀವಕೋಶ ಸುಮ್ನ ಕುಂದ್ರಂಗಿಲ್ಲ. ಒಳಗಿನ ವೈರಸ್ಸಿನ ಒಂದು ಚೂರು ತಂದು ಹೊರಗ ತೋರಸ್ತೈತಿ, ಅಮ್ಮ ಬಂದ ಮನಿ ಬಾಗಿಲಿಗೆ ಬೇವಿನ ತೊಪ್ಪಲ ಕಟ್ಟಿದಂಗ. ಕಾವಲಿನ ಕೋಶ ಮುಟ್ಟಿ ನೋಡ್ತೈತಿ. ಗುರುತು ಹತ್ತಿತೋ, ಆ ಮನಿ ಮುಗೀತು."

"ಮನೀನ ಕೆಡವ್ತಾರೇನ್ರಿ ಸರ್?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಕೆಡವ್ಲೇಬೇಕಲೇ. ಒಂದು ಮನಿ ಉಳಸಾಕ ಹೋದ್ರ ಓಣೀನ ಹೋಗ್ತೈತಿ."

ಇದೇ ಮಾತುಗಳಲ್ಲಿ ಹೇಳಿದರೇ? ಖಾತ್ರಿಯಿಲ್ಲ. ಕಿವಿಯಲ್ಲಿ ಉಳಿದದ್ದು ಹೀಗೆ.

ಪಿಯುಸಿ ಪರೀಕ್ಷೆ ಹತ್ತಿರವಿದ್ದಾಗ ನನಗೆ ಚಿಕನ್‌ಪಾಕ್ಸ್ ಬಂತು. ಬಾಗಿಲಿಗೆ ಬೇವು ಕಟ್ಟಿದ ಮೇಲೆ ಗೆಳೆಯರು ಹೊಸ್ತಿಲು ತುಳಿಯಲಿಲ್ಲ. ಅವ್ವ ಸರ್‌ಗೆ ಹೇಳಿ ಕಳಿಸಿದಳು. ಮುಖದಲ್ಲಿ ಸಿಡುಬಿನ ಕಲೆ ಇದ್ದವರಿಗೆ ಮತ್ತೆ ಯಾವ ಅಮ್ಮನೂ ಬರುವುದಿಲ್ಲವೆಂದು ನಮ್ಮಲ್ಲಿ ನಂಬಿಕೆ. ರೋಗಿಯ ಬಳಿ ಕೂರಲು ಅಂಥವರನ್ನೇ ಕರೆಯುತ್ತಿದ್ದರು.

"ನಿಮಗೇನು ಹೆದರಿಕಿ ಇಲ್ಲ ಬಿಡ್ರಿ ಸರ್."

"ಹೌದವ್ವಾ, ಮಖದ ಮ್ಯಾಲೇ ಬರದೈತಲ್ಲ," ಎಂದು ನಕ್ಕು ನನ್ನ ಪಕ್ಕ ಕೂತರು.

ಅವ್ವ ಒಳಗೆ ಹೋದದ್ದೇ ಕೇಳಿದೆ: "ಸರ್, ಸಿಡುಬು ಬ್ಯಾರೆ, ಇದು ಬ್ಯಾರೆ ಅಲ್ರೀ?"

"ಬ್ಯಾರೇನ. ಅದನ್ನ ಕಂಡ ಕಾವಲಿಗೆ ಇದರ ಗುರುತು ಹತ್ತಂಗಿಲ್ಲ. ನಿಮ್ಮವ್ವಗ ಹೇಳಬ್ಯಾಡ."

"ನಿಮಗ ಬಂದ್ರ?"

"ಬಂದ್ರ ನಾನೂ ಬೇವು ಕಟ್ಟಿಕೊಂತೀನಿ. ನೀ ಪುಸ್ತಕ ತಗೀಲೇ."

ನಾನು ಎದ್ದು ಕೂರುವವರೆಗೂ ದಿನಾ ಬಂದರು.

ಪರೀಕ್ಷೆ ಮುಗಿಯುವಷ್ಟರಲ್ಲಿ ಸುದ್ದಿ ಬಂತು. ಚಿಗಟೇರಿಗೆ ಹೋದಾಗ ಅವರ ಬಾಗಿಲಲ್ಲಿ ಬೇವು ತೂಗುತ್ತಿತ್ತು. ಅಂಗಳದಲ್ಲಿದ್ದವರು ನನ್ನನ್ನು ತಡೆದರು. ಒಳಗಿನಿಂದ ಸರ್ ದನಿ: "ಅವನ್ನ ಬಿಡ್ರಿ. ಅವನ ಮೈಗೆ ಇದರ ಗುರುತು ಐತಿ."

ಹಳೆಯ ಗುಳಿಗಳ ನಡುವೆ ಹೊಸ ಗುಳ್ಳೆಗಳೆದ್ದಿದ್ದವು.

"ನಮ್ಮ ಬೇವಿನ ಪ್ರಶ್ನೆ ಬಂದಿತ್ತೇನಲೇ?"

"ಇಲ್ರಿ ಸರ್."

ನಕ್ಕರು, ನಗು ಕೆಮ್ಮಾಯಿತು. ರೋಗ ಪುಪ್ಪುಸಕ್ಕೆ ಇಳಿದಿತ್ತು. ಅದರಿಂದ ಅವರು ಏಳಲಿಲ್ಲ.

ನನ್ನಿಂದಲೇ ಹತ್ತಿತೇ? ಆ ಬೇಸಿಗೆಯಲ್ಲಿ ಎಷ್ಟೋ ಬಾಗಿಲುಗಳಿಗೆ ಬೇವು ಕಟ್ಟಿತ್ತು ಎಂದು ನೆನಪು ಹೇಳುತ್ತದೆ. ಅದು ನನ್ನ ಸಮಾಧಾನಕ್ಕೆ ಹಾಗೆ ಹೇಳುತ್ತಿರಬಹುದು.

ಈಗ ಅದೇ ಪಾಠ ನಾನು ಮಾಡುತ್ತೇನೆ. ಮನೆಗೆ ಬಂದು ಮುಖ ತೊಳೆಯುವಾಗ, ಹುಬ್ಬಿನ ಪಕ್ಕದ ಒಂದೇ ಒಂದು ಗುಳಿಯಿಂದ ಸೀಮೆಸುಣ್ಣ ಬೇಗ ಹೋಗುವುದಿಲ್ಲ.