ಕಟುಕನ ನಾಯಿಯಷ್ಟು ಗಟ್ಟಿ

ಇಂಗ್ಲೆಂಡಿನ ಲ್ಯಾಂಕಾಷೈರಿನ ನಮ್ಮ ಊರಿನಲ್ಲಿ "ಹೇಗಿದ್ದೀಯ" ಎಂದು ಕೇಳಿದಾಗ ನಿಜ ಹೇಳುವವನು ಮರ್ಯಾದೆ ಗೊತ್ತಿಲ್ಲದವನು. ಪಕ್ಕದ ಮನೆಯ ಕ್ಲಿಫ್ ಹಿಂಡಲ್‌ಗೆ ಮರ್ಯಾದೆ ಸ್ವಲ್ಪ ಜಾಸ್ತಿಯೇ ಇತ್ತು. "ಕಟುಕನ ನಾಯಿ ಇದ್ದಂಗಿದೀನಿ!" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ದಿನಾ ಮಾಂಸ ತಿಂದು ಬೆಳೆದ ನಾಯಿಯಷ್ಟು ಗಟ್ಟಿ ಎಂದರ್ಥ. ನಮ್ಮೂರ ಕಟುಕ ಸಾಕಿದ ನಾಯಿ ಬೊಜ್ಜು ಬಂದು, ಮೆಟ್ಟಿಲು ಹತ್ತಲಾರದೆ ಸತ್ತಿತ್ತು. ಅದನ್ನು ಮಾತ್ರ ಯಾರೂ ಜ್ಞಾಪಿಸಿಕೊಳ್ಳುವುದಿಲ್ಲ.

ಕ್ಲಿಫ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಭಾನುವಾರ ಬಂತೆಂದರೆ ಗೆಳೆಯ ನಾರ್ಮನ್ ಜೊತೆ ಚಡ್ಡಿ ತೊಟ್ಟು, ಮಳೆ ಕೆಸರು ಲೆಕ್ಕಿಸದೆ ಊರ ಹಿಂದಿನ ಗುಡ್ಡವನ್ನು ಓಡಿ ಹತ್ತುತ್ತಿದ್ದ. ಕಾಲು ಉಳುಕಲಿ, ಜ್ವರ ಬರಲಿ, ಅವನ ಔಷಧಿ ಒಂದೇ: "ಓಡಿದ್ರೆ ಹೋಗುತ್ತೆ." ಹೆಂಡತಿ ಡೊರೀನ್ ಬೈದು ಬೈದು ಸೋತಿದ್ದಳು.

ಈ ವಸಂತದಲ್ಲಿ ಅವನು ಮಹಡಿ ಹತ್ತುವಾಗ ಅರ್ಧಕ್ಕೇ ನಿಂತು, ಎದೆ ಒತ್ತಿಕೊಂಡು ಗೋಡೆ ಹಿಡಿಯತೊಡಗಿದ. ಡೊರೀನ್ ಹೆದರಿದಳು. ಹಟ ಹಿಡಿದು ಅವನನ್ನು ಡಾಕ್ಟರ ಬಳಿಗೆ ಹೊರಡಿಸಿದಳು. ಹೋದದ್ದು ನನ್ನ ಕಾರಿನಲ್ಲೇ.

"ನೀನು ಒಳಗೆ ಬರಬೇಡ. ನಾನೇನು ಪಾಪುನಾ?" ಎಂದು ಅವಳನ್ನು ಹೊರಗೇ ಕೂರಿಸಿದ. ಡಾಕ್ಟರೂ ಇದೇ ಊರಿನವನು. ಬಾಗಿಲು ಮುಚ್ಚುವ ಮೊದಲೇ ನಮಗೆ ಕೇಳಿಸಿತು.

"ಏನಪ್ಪಾ ಕ್ಲಿಫ್, ಹೇಗಿದೀಯ?"

"ಕಟುಕನ ನಾಯಿ!"

ಇಬ್ಬರೂ ಗಹಗಹಿಸಿ ನಕ್ಕರು.

ಬೇಗನೆ ಹೊರಬಂದ. "ಎದೆ ನೋವು ಹೇಳಿದ್ಯಾ?" ಎಂದು ಡೊರೀನ್ ಕೇಳಿದಳು.

"ಮಂಡಿ ತೋರಿಸ್ದೆ. ಸುಮ್ನೆ ಯಾಕೆ ತೊಂದ್ರೆ ಕೊಡೋದು? ನಿಜವಾಗ್ಲೂ ಕಾಯಿಲೆ ಇರೋರು ಕಾಯ್ತಾ ಕೂತಿದಾರೆ ನೋಡು."

ಮುಂದಿನ ಭಾನುವಾರ ಗುಡ್ಡದ ಮೇಲೆ ಬಿದ್ದ. ಮುಂದೆ ಓಡಿದ್ದ ನಾರ್ಮನ್, ಇವನು ಬೂಟಿನ ದಾರ ಕಟ್ಟುತ್ತಿದ್ದಾನೆಂದುಕೊಂಡು ತುದಿಯಲ್ಲಿ ಕಾಯುತ್ತಾ ನಿಂತಿದ್ದನಂತೆ. ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಟೀ, ಹಂದಿಮಾಂಸದ ಸ್ಯಾಂಡ್‌ವಿಚ್. "ಎಂಥಾ ಗಟ್ಟಿ ಆಳು!" ಎಂದು ಬಂದವರೆಲ್ಲ ಅದನ್ನೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ಗಟ್ಟಿ ಇದ್ದವನು ಪೆಟ್ಟಿಗೆಯಲ್ಲಿ ಯಾಕೆ ಮಲಗಿದ?

ನಾರ್ಮನ್ ಟೀ ಕಪ್ಪು ಹಿಡಿದು ಹತ್ತಿರ ಬಂದ. ಅಭ್ಯಾಸಬಲದಿಂದ ಕೇಳಿದ: "ಹೇಗಿದೀಯ ಡೊರೀನ್?"

"ಚೆನ್ನಾಗಿಲ್ಲ," ಎಂದಳು. "ಒಂಚೂರೂ ಚೆನ್ನಾಗಿಲ್ಲ. ಅವನ ಕತ್ತು ಹಿಸುಕೋಷ್ಟು ಸಿಟ್ಟು ಬಂದಿದೆ. ಕೈಗೆ ಸಿಗ್ತಾ ಇಲ್ವಲ್ಲ ಅವನು!"

ಎಲ್ಲರೂ ತಮ್ಮ ತಮ್ಮ ಟೀ ನೋಡತೊಡಗಿದರು. ಯಾರೋ ಪಾಪ, ಅವಳ ಮುಂದೆ ಸ್ಯಾಂಡ್‌ವಿಚ್ ತಟ್ಟೆ ಹಿಡಿದರು.

ನಾರ್ಮನ್ ಮಾತ್ರ ಕದಲಲಿಲ್ಲ. ಕಪ್ಪು ಕೆಳಗಿಟ್ಟು, ಎಡಗೈ ಉಜ್ಜಿಕೊಂಡ. ಕಿವಿ ಕೆಂಪಾಗಿತ್ತು.

"ನನಗೂ... ಈ ಕೈ ಸೆಳೀತಿದೆ ಡೊರೀನ್. ಮೆಟ್ಟಿಲು ಹತ್ತಿದ್ರೆ ಎದೆ ಹಿಡಿಯುತ್ತೆ. ಯಾರಿಗೂ ಹೇಳಿಲ್ಲ."

ಡೊರೀನ್ ಅವನನ್ನೇ ದಿಟ್ಟಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕಾರು ತೆಗೆಯುವಂತೆ ಸನ್ನೆ ಮಾಡಿದಳು.

"ಕೋಟು ಹಾಕ್ಕೋ ನಾರ್ಮನ್," ಎಂದಳು. "ಈ ಸಲ ನಾನೂ ಒಳಗೆ ಬರ್ತೀನಿ."